ಕೆನೆ ಕದಡದ ಹಾಗೆ

೧೯೮೪ರಲ್ಲಿ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ವಿನ್ಯಾಸ ಎಂಜಿನಿಯರ್ ಆಗಿದ್ದೆ. ರಕ್ತನಿಧಿಗಳಿಗೆ ಬೇಕಾದ ಸೆಂಟ್ರಿಫ್ಯೂಜ್ ಯಂತ್ರ ಅಲ್ಲಿ ತಯಾರಾಗುತ್ತಿತ್ತು. ರಕ್ತದ ಚೀಲವನ್ನು ಅದರಲ್ಲಿಟ್ಟು ವೇಗವಾಗಿ ತಿರುಗಿಸಿದರೆ ಕೆಂಪು ಕಣಗಳು ತಳಕ್ಕಿಳಿಯುತ್ತವೆ, ತಿಳಿಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ನಡುವೆ ತೆಳುವಾದ ಬಿಳಿ ಪದರ; ರಕ್ತಸ್ರಾವ ತಡೆಯುವ ಪ್ಲೇಟ್‌ಲೆಟ್‌ಗಳಿರುವುದು ಅದರಲ್ಲಿ. ಎಷ್ಟು ವೇಗ, ಎಷ್ಟು ನಿಮಿಷ ಎಂದು ಕಂಪ್ಯೂಟರ್ ಮಾದರಿಯಿಂದ ಹೇಳುವುದು ನನ್ನ ಕೆಲಸ. ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ. ಲೆಕ್ಕದ ಅಂಕಿಗಳನ್ನು ತೂತುಗಳಾಗಿ ಕೊರೆದ ಪಂಚ್ ಕಾರ್ಡುಗಳ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ನಗರದ ಕಂಪ್ಯೂಟರ್ ಕೇಂದ್ರಕ್ಕೆ ಹೋಗಿ ಕೊಟ್ಟರೆ, ಮರುದಿನ ಉತ್ತರ ಸಿಗುತ್ತಿತ್ತು.

ಚೀಲಗಳನ್ನು ಹೊತ್ತು ತಿರುಗುವ ರೋಟರನ್ನು ಮಾಡಿದವರು ನಮ್ಮಲ್ಲಿನ ಹಿರಿಯ ಕೆಲಸಗಾರ, ಮಾದನಾಯಕನಹಳ್ಳಿಯ ಗಂಗಪ್ಪನವರು. ಅವರ ನಿವೃತ್ತಿಗೆ ಮೂರು ತಿಂಗಳಿತ್ತು.

ಹೊಸ ಯಂತ್ರದ ಮೊದಲ ಎರಡು ಪರೀಕ್ಷೆಗಳಲ್ಲೂ ಬಿಳಿ ಪದರ ಕದಡಿಹೋಯಿತು.

“ಲೆಕ್ಕ ಕಂಪ್ಯೂಟರ್‌ದು, ತಪ್ಪಾಗಲ್ಲ” ಎಂದರು ಮ್ಯಾನೇಜರ್. “ನಿಮ್ಮ ರೋಟರೇ ಅಲ್ಲಾಡ್ತಿರೋದು ಗಂಗಪ್ಪನವ್ರೇ. ಇನ್ನೊಂದ್ಸಲ ಹಿಂಗಾದ್ರೆ ಹೊರಗಡೆ ಮಾಡಿಸ್ಬಿಡ್ತೀನಿ.”

ಗಂಗಪ್ಪನವರು ಮಾತಾಡದೆ ರೋಟರನ್ನು ಬಟ್ಟೆಯಿಂದ ಒರೆಸುತ್ತಾ ನಿಂತರು. ಮ್ಯಾನೇಜರ್ ಹೇಳಿದ್ದು ಸರಿ ಎಂದೇ ನಾನೂ ನಂಬಿದ್ದೆ.

ಊಟದ ವೇಳೆಯಲ್ಲಿ ಅವರ ಬಳಿ ಹೋದೆ. ಅಲುಗಾಟ ಅಳೆಯುವ ಡಯಲ್ ಗೇಜನ್ನು ರೋಟರಿಗೆ ತಾಗಿಸಿ, ಕೈಯಿಂದ ಮೆಲ್ಲಗೆ ತಿರುಗಿಸಿ ತೋರಿಸಿದರು. ಮುಳ್ಳು ಕದಲಲಿಲ್ಲ.

“ಆಗಲೇ ಯಾಕೆ ಹೇಳಲಿಲ್ಲ?”

“ಯೋಳಿದ್ರೆ ನಿಮ್ ಲೆಕ್ಕದ್ ಮ್ಯಾಲೆ ಬತ್ತಿತ್ತು ಕಣಮ್ಮ. ನೀವಿನ್ನೂ ಒಸಬ್ರು. ನಂದೇನು, ಓಗೋ ಕಾಲ.” ಗೇಜನ್ನು ತೆಗೆದಿಡುತ್ತಾ ಕೇಳಿದರು, “ಕೆನೆ ಕಟ್ಟಿದ್ ಆಲಿನ ಪಾತ್ರೆನ ರಪ್ ಅಂತ ಎಳದ್ರೆ ಕೆನೆ ನಿಂತದಾ? ನೀವು ಬ್ರೇಕ್ ಆಕಿಸ್ತೀರಲ್ಲ, ಅಂಗೆ.”

ಮೇಜಿಗೆ ಮರಳಿ ಕಾರ್ಡುಗಳನ್ನು ಒಂದೊಂದಾಗಿ ನೋಡಿದೆ. ನಿಲ್ಲಲು ಬೇಕಾದ ಸಮಯ ಎಂಬಲ್ಲಿ ನಾನು ಸೊನ್ನೆ ಹಾಕಿದ್ದೆ. ಗುಂಡಿ ಒತ್ತಿದರೆ ಯಂತ್ರ ನಿಂತಿತು, ಅಷ್ಟೇ ನನ್ನ ತಿಳಿವಳಿಕೆ. ಬ್ರೇಕ್ ಹಿಡಿದಾಗ ಚೀಲ ನಿಂತರೂ ಒಳಗಿನ ರಕ್ತ ಸುತ್ತುತ್ತಲೇ ಇರುತ್ತದೆ. ಪದರವನ್ನು ಕದಡುವುದು ಅದೇ.

ತಪ್ಪು ನನ್ನದೆಂದು ಮ್ಯಾನೇಜರಿಗೆ ಹೇಳಿದೆ. ಕಾರ್ಡು ಬದಲಿಸಿ ಲೆಕ್ಕವನ್ನು ಹೊಸದಾಗಿ ಮಾಡಿಸಿದೆ.

ಮೂರನೆಯ ಪರೀಕ್ಷೆಯಲ್ಲಿ ಬ್ರೇಕ್ ಹಾಕಲಿಲ್ಲ. ರೋಟರ್ ತಾನಾಗಿ ನಿಲ್ಲಲು ಏಳು ನಿಮಿಷ ಬೇಕಾಯಿತು. ಗಂಗಪ್ಪನವರು ಚೀಲವನ್ನು ಎರಡೂ ಕೈಯಲ್ಲಿ, ಎಳೆಗೂಸನ್ನು ಎತ್ತುವಂತೆ ಎತ್ತಿ ಬೆಳಕಿಗೆ ಹಿಡಿದರು.

“ನಿಂತದೆ ಕಣಮ್ಮ, ಕೆನೆ.”

ಈಗಲೂ ಯಾವ ಲೆಕ್ಕ ಕೈಗೆತ್ತಿಕೊಂಡರೂ, ಸೊನ್ನೆ ಹಾಕಿದ ಜಾಗಗಳನ್ನು ಮೊದಲು ನೋಡುತ್ತೇನೆ. ನನಗೆ ಗೊತ್ತಿಲ್ಲದ್ದು ಅಲ್ಲಿರುತ್ತದೆ. ಅಂದು ಗಂಗಪ್ಪನವರ ಮೌನವನ್ನೂ ನಾನು ಸೊನ್ನೆಯೆಂದೇ ಎಣಿಸಿದ್ದೆ.