ಅವ್ವನ ಬಾಟಲಿಯ ನೀಲಿ ಚೀಟಿ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಸುಳ್ಳಲ್ಲ. ಆ ಬೇಸಿಗೆಯಲ್ಲಂತೂ ಅದು ಅಲ್ಲಿಂದ ಕೆಳಗಿಳಿಯಲೇ ಇಲ್ಲ. ಏಕಸಂಬಿಯ ಮನೆಯಲ್ಲಿ ನಾವಿಬ್ಬರೇ ಇದ್ದೆವು, ಅವ್ವ ಮತ್ತು ನಾನು. ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಅವ್ವ ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಬೆಳಿಗ್ಗೆ ಹೋದ ಕರೆಂಟು ಸಂಜೆಯಾದರೂ ಬರುತ್ತಿರಲಿಲ್ಲ. ಫ್ರಿಜ್ಜು ಬರೀ ಕಪಾಟಾಗಿತ್ತು. ಅವ್ವನ ಸಕ್ಕರೆ ಒಂದು ದಿನ ಏರುತ್ತಿತ್ತು, ಒಂದು ದಿನ ಇಳಿಯುತ್ತಿತ್ತು. ಔಷಧಿ ಸೆಕೆಗೆ ಕೆಟ್ಟಿದೆಯೋ ಇಲ್ಲವೋ ಎಂದು ಬಾಟಲಿ ನೋಡಿ ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ.

ನನಗೆ ಸಾಧ್ಯ ಅಂದುಕೊಂಡೆ ನಾನು. ನನ್ನ ಪಿಎಚ್.ಡಿ. ವಿಷಯವೇ ಅದಾಗಿತ್ತು, ಬೆಳಕು ಸೂಸುವ ಪಾಲಿಮರ್‌. ಇಂಗಾಲದ ಉದ್ದುದ್ದ ಸರಪಳಿಗಳು ಅವು, ಎಲೆಕ್ಟ್ರಾನುಗಳು ಈ ತುದಿಯಿಂದ ಆ ತುದಿಯವರೆಗೆ ಅಡ್ಡಿಯಿಲ್ಲದೆ ಓಡಾಡುತ್ತವೆ. ನಾನು ಮಾಡಿದ ಪಾಲಿಮರ್ ತಣ್ಣಗಿದ್ದಾಗ ನೀಲಿ. ಬಿಸಿ ತಾಗಿದರೆ ಸರಪಳಿ ತಿರುಚಿಕೊಂಡು ಕೆಂಪಾಗುತ್ತದೆ, ಅಂಗಡಿಯವರು ನೋಟು ನೋಡುವ ನೇರಳೆ ಟಾರ್ಚು ಹಿಡಿದರೆ ಕೆಂಡದಂತೆ ಹೊಳೆಯುತ್ತದೆ. ಒಮ್ಮೆ ಕೆಂಪಾದದ್ದು ಮತ್ತೆ ನೀಲಿಯಾಗುವುದಿಲ್ಲ. ಅದನ್ನು ಬೆರಳಗಲದ ಕಾಗದಕ್ಕೆ ಸವರಿ, ಒಣಗಿಸಿ, ಅವ್ವನ ಬಾಟಲಿಗೆ ಸುತ್ತಿ ಅಂಟಿಸಿದೆ. "ಇದು ನೀಲಿ ಇರೂತನಾ ಔಷಧಿ ಚೊಲೊ ಐತಿ ಅಂತ ತಿಳಕೋ. ಕೆಂಪಾತು ಅಂದ್ರ ಕೆಟ್ಟಂಗ," ಅಂದೆ.

ಮೂರನೇ ದಿನಕ್ಕೆ ಕೆಂಪಾಯಿತು.

"ಎಲ್ಲಿಟ್ಟಿದ್ದಿ ಇದನ್ನ? ಒಲಿ ಕಟ್ಟಿಮ್ಯಾಲೇನು?"

"ಇಲ್ಲಬೇ, ಗಡಿಗಿ ಬಾಜೂಕ, ಹಸಿ ಅರಿವಿ ಸುತ್ತಿ ಇಟ್ಟಿದ್ನಿ."

ನಾನು ನಂಬಲಿಲ್ಲ. ಬಾಟಲಿಯನ್ನು ತಿಪ್ಪೆಗೆ ಎಸೆದು ಹೊಸದು ತಂದೆ, ಹೊಸ ಚೀಟಿ ಅಂಟಿಸಿದೆ. ಅದು ಎರಡೇ ದಿನಕ್ಕೆ ಕೆಂಪಾಯಿತು. ತಲೆ ಚಿಟ್ಟು ಹಿಡಿಯಿತು ನನಗೆ. ಆರು ವರ್ಷದ ದುಡಿಮೆ, ರಾಜ್ಯದ ಗಡಿಯಾಚೆಯ ಪ್ರಯೋಗಾಲಯಕ್ಕೆ ರಜೆಯ ದಿನವೆಲ್ಲ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಓಡಾಟ, ಎಲ್ಲ ಮಾಡಿ ಒಂದು ಉಪಯೋಗದ ವಸ್ತು ತಂದರೆ ಮನೆಯಲ್ಲೇ ಅದನ್ನು ನೆಟ್ಟಗೆ ಇಟ್ಟುಕೊಳ್ಳುವವರಿಲ್ಲ! ಓಣಿಗೆಲ್ಲ ಕೇಳುವಂತೆ ಒದರಾಡಿದೆ. ಅವ್ವ ಬಾಟಲಿಯನ್ನೇ ನೋಡುತ್ತ ಕೂತಿದ್ದಳು.

"ನಾ ಒಂದ್ ಮಾತ್ ಹೇಳ್ಲೇನು? ಕೈಯಾಗ ಹೊಸೆದಾಗ ಕೆಂಪಾಗತೈತಿ ಅದು."

ಚುಚ್ಚಿಕೊಳ್ಳುವ ಮೊದಲು ಬಾಟಲಿಯನ್ನು ಅಂಗೈಗಳ ನಡುವೆ ಹೊಸೆಯಬೇಕು, ಕುಲುಕಬಾರದು ಎಂದು ನರ್ಸಮ್ಮ ಅವಳಿಗೆ ಕಲಿಸಿದ್ದಳು, ತಳದಲ್ಲಿ ಕೂತ ಔಷಧಿ ಬೆರೆಯಲಿ ಎಂದು. ಅವ್ವನದು ಶಾವಿಗೆ ಹೊಸೆದು ಪಳಗಿದ ಕೈ. ಕಣ್ಣು ಮುಚ್ಚಿ, ಎಣಿಸಿ ಎಣಿಸಿ, ದೇವರ ಕೆಲಸದಂತೆ ಹೊಸೆಯುತ್ತಿದ್ದಳು.

"ಅವ್ವಾ, ನಿನಗೇನ್ ತಿಳೀತೈತಿ? ಅದು ಕಾವಿಗಷ್ಟ ಕೆಂಪಾಗತೈತಿ. ಆರು ವರ್ಷ ಅದರಾಗ ಮಣ್ಣ ಹೊತ್ತೀನಿ ನಾ. ಸುಮ್ನಿರು."

ಅವ್ವ ಎದ್ದು ಒಲೆಯ ಕಡೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ಅವಳೇ ನನಗೆ ಹೇಳಿಕೊಟ್ಟದ್ದು.

ಮೂರನೆಯ ಬಾಟಲಿ ನೀಲಿಯಾಗಿಯೇ ಉಳಿಯಿತು. ಒಂದು ವಾರ, ಹತ್ತು ದಿನ. ದಿನಾ ಸಂಜೆ ಬಂದವಳೇ ಟಾರ್ಚು ಹಿಡಿದು ನೋಡುತ್ತಿದ್ದೆ. ಚೂರೂ ಹೊಳೆಯುತ್ತಿರಲಿಲ್ಲ. ಬೈದದ್ದಕ್ಕೆ ಅವ್ವ ಈಗ ನೆಟ್ಟಗೆ ನೆರಳಲ್ಲಿಡುತ್ತಿದ್ದಾಳೆ ಅಂದುಕೊಂಡು, ಪ್ರಯೋಗದ ವಹಿಯಲ್ಲಿ 'ಯಶಸ್ವಿ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಂಡದ್ದೂ ಆಯಿತು. ಅದೇ ದಿನಗಳಲ್ಲಿ ಅವ್ವನ ಸಕ್ಕರೆ ಇನ್ನೂ ಹೆಚ್ಚು ಕುಣಿಯುತ್ತಿತ್ತು. ಊಟದಲ್ಲಿ ಪಥ್ಯ ಮಾಡುತ್ತಿಲ್ಲ ಎಂದು ಅದಕ್ಕೂ ಬೈದೆ.

ಹನ್ನೊಂದನೆಯ ದಿನ ಎರಡನೇ ಪೀರಿಯಡ್ಡಿನಲ್ಲಿದ್ದಾಗ ಪಕ್ಕದ ಮನೆಯವರ ಫೋನು ಬಂತು. ಅವ್ವ ಹಿತ್ತಿಲಲ್ಲಿ ಬೆವರಿ ಬಿದ್ದಿದ್ದಳು, ಬಾಯಿಗೆ ಸಕ್ಕರೆ ನೀರು ಹಾಕಿ ಜೀಪಿನಲ್ಲಿ ಚಿಕ್ಕೋಡಿಗೇ ಕರೆತರುತ್ತಿದ್ದರು. ನಾನು ಆಸ್ಪತ್ರೆಗೆ ಓಡಿದೆ. ಸಲೈನು ಹಚ್ಚಿ, ಅವ್ವ ಕಣ್ಣು ತೆರೆದ ಮೇಲೆ ಡಾಕ್ಟರು ಕೇಳಿದರು: "ಸಕ್ಕರಿ ಭಾಳ ಇಳದಿತ್ರಿ ಮೇಡಂ. ಇವರು ಔಷಧಿ ಬೆರಸಿ ತಗೋತಾರೇನ್ರಿ? ಹೊಸೀಲಾರ್ದ ತಗೊಂಡ್ರ ಒಮ್ಮೆ ತಿಳಿ ಬರತೈತಿ, ಒಮ್ಮೆ ಗಟ್ಟಿ ಬರತೈತಿ. ಒಂದ್ ಹೊತ್ತು ಕಡಿಮಿ, ಒಂದ್ ಹೊತ್ತು ಹೆಚ್ಚು."

"ದಿನಾ ಹೊಸೀತಾಳ್ರಿ," ಅಂದೆ ನಾನು, ಘಂಟಾಘೋಷವಾಗಿ.

ಅವ್ವ ಇಲ್ಲವೆಂದು ಮೆಲ್ಲಗೆ ತಲೆಯಲ್ಲಾಡಿಸಿದಳು. ಡಾಕ್ಟರಿಗೆ ತೋರಿಸಲೆಂದು ಪಕ್ಕದ ಮನೆಯವರು ಹಸಿ ಅರಿವೆಯ ಸಮೇತ ತಂದಿದ್ದ ಬಾಟಲಿಯನ್ನು ಸಲೈನು ಹಚ್ಚದ ಕೈಯಿಂದ ಎತ್ತಿ ನನಗೆ ತೋರಿಸಿದಳು. "ನೋಡಬೇ, ನೀಲಿನ ಐತಿ. ನಿನ್ನ ಚೀಟಿ ಕೆಡಬಾರ್ದಂತ ಹೊಸಿಯೂದ ಬಿಟ್ಟೀನಿ."

ಬಾಟಲಿಯನ್ನು ಕೈಗೆ ತೆಗೆದುಕೊಂಡು ಅವಳು ಹೊಸೆಯುವ ಹಾಗೆಯೇ ಹೊಸೆದೆ. ಹತ್ತು ಎಣಿಸುವುದರೊಳಗೆ ಚೀಟಿಯ ಅಂಚಿನಲ್ಲಿ ಕೆಂಪು ಮೂಡಿತು. ಉಜ್ಜಿದರೂ ಈ ಸರಪಳಿ ತಿರುಚಿಕೊಳ್ಳುತ್ತದೆ ಎಂದು ನನ್ನದೇ ಪ್ರಬಂಧದ ಮೊದಲ ಅಧ್ಯಾಯದಲ್ಲಿ ನಾನೇ ಬರೆದಿದ್ದೆ. ಪ್ರಯೋಗಾಲಯದಲ್ಲಿ ಅದನ್ನು ಚಿಮಟದಲ್ಲಿ ಹಿಡಿದೇ ಅಭ್ಯಾಸ, ಅಂಗೈಯಲ್ಲಿ ಹಿಡಿದವಳು ಅವ್ವ ಒಬ್ಬಳೇ. ಅವಳು ನೋಡಿದ್ದಳು, ಹೇಳಿಯೂ ಇದ್ದಳು. ಥೂ ನನ್ನ ಓದಿಗಿಷ್ಟು! ಉಗುರಿನಿಂದ ಚೀಟಿ ಕೆರೆದು ಕಿತ್ತೆ, ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದೆ.

ಸಂಜೆ ನರ್ಸು ಹೊಸ ಬಾಟಲಿ ತಂದು ಮಂಚದ ಪಕ್ಕ ಇಟ್ಟಳು. ಅದಕ್ಕೆ ಯಾವ ಚೀಟಿಯೂ ಇರಲಿಲ್ಲ. ನಾನದನ್ನು ಅವ್ವನ ಅಂಗೈಯಲ್ಲಿಟ್ಟು, "ಹೊಸಿ ಅವ್ವಾ," ಅಂದೆ.

ಅವಳು ಬಾಟಲಿಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಬೈಯಂಗಿಲ್ಲ ಹೌದಿಲ್ಲ?" ಎಂದು ಕೇಳಿದಳು.