ಇಳಿಜಾರಿನಲ್ಲಿ ನಿಲ್ಲಬೇಕಾದ ಕಾರು

ಮಾರೇನಹಳ್ಳಿಯ ಈ ಅಡ್ಡರಸ್ತೆಯಲ್ಲಿ ಹಾಲಿನ ಬೂತು ಬಿಟ್ಟರೆ ಇನ್ನಾವ ಬಾಗಿಲೂ ತೆರೆದಿಲ್ಲ. ತಗಡು ಹೊದಿಸಿದ ಶೆಡ್ಡಿನೊಳಗೆ ಎರಡೇ ಸೀಟಿನ ಕಡುಗೆಂಪು ಸ್ಪೋರ್ಟ್ಸ್ ಕಾರೊಂದು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿದೆ. ಸ್ಟೀರಿಂಗಿನ ಮುಂದೆ ಎಪ್ಪತ್ತು ದಾಟಿದ ಅಕ್ಕಯ್ಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಕಾರಿನ ಅಡಿಯಿಂದ ಅವರ ಮಗ ಭೈರೇಶ್ ಅವರ ಎರಡು ಪಾದಗಳಷ್ಟೇ ಹೊರಗೆ ಕಾಣುತ್ತವೆ.

"ಅಮ್ಮಾ, ಪಿಗೆ ಹಾಕು," ಎಂದು ಕೆಳಗಿನಿಂದ ದನಿ ಬರುತ್ತದೆ.

ಅಕ್ಕಯ್ಯಮ್ಮ ಪಕ್ಕದ ಗೇರ್ ಲಿವರನ್ನು ಪೂರ್ತಿ ಮುಂದಕ್ಕೆ, ಪಾರ್ಕ್ ಎಂಬರ್ಥದ 'ಪಿ' ಅಕ್ಷರಕ್ಕೆ, ತಳ್ಳುತ್ತಾರೆ. ಟಕ್ ಎನ್ನುತ್ತದೆ. ಕೆಳಗೆ ಭೈರೇಶ್, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಲು ನೋಡುತ್ತಾರೆ. ಅದು ಮಿಸುಕುವುದಿಲ್ಲ.

"ಇರೋ ಬರೋ ಕಾರಲ್ಲೆಲ್ಲ ಕೂರಿಸ್ತಾನೆ. ಒಂದ್ರಲ್ಲೂ ಎಲ್ಲಿಗೂ ಕರ್ಕೊಂಡ್ ಹೋಗಲ್ಲ," ಎಂದು ಅಕ್ಕಯ್ಯಮ್ಮ ಹಾಲಿನವನಿಗೂ ಕೇಳುವಂತೆ ಗೊಣಗುತ್ತಾರೆ.

"ನಿನ್ ಹತ್ರ ಲೈಸೆನ್ಸ್ ಇಲ್ವಲ್ಲಮ್ಮ."

ಬೆಳಗಿನ ಈ ಹೊತ್ತಿನಲ್ಲೇ ಈ ಕೆಲಸ ಮಾಡಲು ಕಾರಣವಿದೆ. ಇನ್ನೊಂದು ಗಂಟೆ ಕಳೆದರೆ ವಿಜಯನಗರದ ಕಡೆಯ ಬಸ್ಸು, ಆಟೊಗಳ ಸದ್ದಿನಲ್ಲಿ ಆ ಟಕ್ ಕೇಳಿಸುವುದೇ ಇಲ್ಲ. ಭೈರೇಶ್ ಲಿವರಿನ ಪಕ್ಕದ ಅಕ್ಷರಗಳನ್ನೂ ಡ್ಯಾಶ್‌ಬೋರ್ಡಿನ ದೀಪವನ್ನೂ ನಂಬುವವರಲ್ಲ. ಕಿವಿಯಿಂದ ಕೇಳಬೇಕು, ಆಮೇಲೆ ಕೈಯಿಂದ ಅಲ್ಲಾಡಿಸಿ ನೋಡಬೇಕು.

ಕಾರು ಬಸವೇಶ್ವರನಗರದ ಹೇಮಶ್ರೀ ಅವರದು. ಬ್ಯಾಂಕಿನಲ್ಲಿ ಅಧಿಕಾರಿ, ನಲವತ್ತಾರು ವರ್ಷ. ಎಪ್ಪತ್ತರ ದಶಕದ ಈ ಬ್ರಿಟಿಷ್ ಕಾರನ್ನು ಮದುವೆಗೂ ಮುಂಚೆ ಗುಜರಿಯವರಿಂದ ಬಿಡಿಸಿಕೊಂಡು, ಜಪಾನಿ ಎಂಜಿನ್ ಕೂರಿಸಿ, ವರ್ಷಗಟ್ಟಲೆ ತಿದ್ದಿ ತೀಡಿ ಓಡಿಸಿದವರು. ಕೆಲವು ವರ್ಷಗಳ ಹಿಂದೆ ಮಾಗಡಿ ರಸ್ತೆಯಲ್ಲಿ ಅವರ ಸ್ಕೂಟರಿಗೆ ಲಾರಿಯೊಂದು ತಗುಲಿತು. ಅಂದಿನಿಂದ ಎಡ ಮಂಡಿ ಮಡಚುವುದಿಲ್ಲ. ಕ್ಲಚ್ ಒತ್ತುವ ಮಾತೇ ಇಲ್ಲ. ಹಾಗಾಗಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಯೋಚನೆ ಬಂತು. ಸಾರಿಗೆ ಇಲಾಖೆಯ ಅನುಮತಿಗೆ ಅವರೇ ಓಡಾಡಿದರು.

ಗೇರ್‌ಬಾಕ್ಸನ್ನೂ ಅದನ್ನು ನಡೆಸುವ ಲಿವರನ್ನೂ ಮೊದಲು ಕೂರಿಸಿದ್ದು ಬೇರೊಂದು ಗ್ಯಾರೇಜು. ಹೇಮಶ್ರೀ ಅವರ ಮನೆಯ ಪಾರ್ಕಿಂಗ್ ರಸ್ತೆಗಿಂತ ತಗ್ಗಿನಲ್ಲಿದೆ, ಒಳಗೆ ಹೋಗಲು ಕಡಿದಾದ ಇಳಿಜಾರು. ಮೊದಲ ದಿನವೇ ಮನೆಯಿಂದ ಹೊರಡುವಾಗ ಇಳಿಜಾರಿನ ಮೇಲೆ ಕಾರು ನಿಲ್ಲಿಸಿ, ಲಿವರನ್ನು ಪಾರ್ಕಿಗೆ ಹಾಕಿ, ಕೋಲೂರಿಕೊಂಡು ಅವರು ಕೆಳಗಿಳಿದರು. ಕಾರು ತಾನಾಗಿ ಹಿಂದಕ್ಕೆ ಉರುಳಿ ಕೆಳಗಿನ ಕಬ್ಬಿಣದ ಬಾಗಿಲಿಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಪತಿ ಗಿರಿರಾಜ್ ಆ ಸಂಜೆಯಿಂದ ಕಾರು ಮಾರೋಣ ಎನ್ನತೊಡಗಿದರು. ಈಗ ಗಿರಾಕಿಯೂ ಸಿಕ್ಕಿದ್ದಾನೆ. ಇನ್ನೊಂದೇ ಸಲ ನೋಡೋಣ, ಈ ಸಲವೂ ನಿಲ್ಲದಿದ್ದರೆ ಕೊಟ್ಟುಬಿಡೋಣ ಎಂದು ಹೇಮಶ್ರೀ ಒಪ್ಪಿಸಿದ್ದಾರೆ. ಆ ಇನ್ನೊಂದು ಸಲದ ಹೊಣೆ ಭೈರೇಶ್ ಅವರ ಹೆಗಲ ಮೇಲಿದೆ.

ಕೆಲಸ ಮೇಲ್ನೋಟಕ್ಕೆ ಸಣ್ಣದು. ಗೇರ್‌ಬಾಕ್ಸಿನ ಜೊತೆ ಬಂದ ಮೂಲ ಲಿವರ್ ಈ ಪುಟ್ಟ ಕಾರಿನಲ್ಲಿ ಮೊಣಕೈಯ ಹಿಂದೆ ಎದ್ದು ನಿಲ್ಲುತ್ತದೆ. ಆದ್ದರಿಂದ ಬೇರೆ ಕಂಪನಿ ಮಾಡಿದ ಲಿವರೊಂದನ್ನು ತರಿಸಿ, ಕೈಗೆ ನಿಲುಕುವಲ್ಲಿ ಕೂರಿಸಿ, ಅಲ್ಲಿಂದ ಗೇರ್‌ಬಾಕ್ಸಿಗೆ ದಪ್ಪನೆಯ ಕೇಬಲ್ ಎಳೆಯಬೇಕು. ಪಾರ್ಕಿಗೆ ಹಾಕಿದಾಗ ಗೇರ್‌ಬಾಕ್ಸಿನ ಒಳಗೆ ಉಕ್ಕಿನ ಹಲ್ಲೊಂದು ಅಲ್ಲಿನ ಗೇರ್ ಚಕ್ರದ ತೋಡಿಗೆ ಬಿದ್ದು ಕಾರನ್ನು ಹಿಡಿದು ನಿಲ್ಲಿಸುತ್ತದೆ. ಕೇಬಲ್ ಕೂದಲೆಳೆಯಷ್ಟು ಕಡಿಮೆ ಚಲಿಸಿದರೂ ಲಿವರ್ ಪಾರ್ಕಿನಲ್ಲಿರುತ್ತದೆ, ಹಲ್ಲು ಮಾತ್ರ ತೋಡಿಗೆ ಬೀಳದೆ ಅದರ ಅಂಚಿನಲ್ಲೇ ಉಳಿದಿರುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ.

ಭೈರೇಶ್ ಕೇಬಲ್ ಹಿಡಿದೇ ಬೆಳೆದವರು. ಅವರ ಮನೆತನ ಮಾರೇನಹಳ್ಳಿಯದೇ. ಬಡಾವಣೆ ಎದ್ದಾಗ ಹೊಲವೆಲ್ಲ ಹೋಗಿ, ಉಳಿದ ಪಟ್ಟಿಯಷ್ಟು ಜಾಗದಲ್ಲಿ ಈ ಶೆಡ್ಡಿದೆ. ಎಸ್ಸೆಸ್ಸೆಲ್ಸಿ ಮುಗಿಸಿ ಆಟೊಗಳ ಕ್ಲಚ್ ಕೇಬಲ್ ಹೆಣೆಯುವ ಅಂಗಡಿಗೆ ಸೇರಿದರು. ಬೆರಳ ತುದಿಗಳಲ್ಲಿ ತಂತಿ ಚುಚ್ಚಿದ ಗುರುತುಗಳು ಇನ್ನೂ ಇವೆ. ಸ್ವಂತ ಶೆಡ್ಡು ಹಾಕಿದ ಮೇಲೆ, ಕಾಲಿಗೆ ಪೋಲಿಯೊ ಆಗಿದ್ದ ಗಿರಾಕಿಯೊಬ್ಬರು ತಮ್ಮ ಕಾರಿನ ಬ್ರೇಕನ್ನು ಕೈಗೆ ತಂದುಕೊಡಲು ಸಾಧ್ಯವೇ ಎಂದು ಕೇಳಿದರು. ಅದೊಂದನ್ನು ಮಾಡಿಕೊಟ್ಟಿದ್ದೇ ತಡ, ಕೆಂಗೇರಿಯಿಂದಲೂ ಜನ ಬರಲಾರಂಭಿಸಿದರು. ಈಗ ದಿನಕ್ಕೆ ಒಂದೆರಡು ಸ್ಕೂಟರುಗಳಿಗೆ ಪಕ್ಕದ ಚಕ್ರ ಹಾಕುತ್ತಾರೆ, ತಿಂಗಳಿಗೊಂದು ಕಾರಿಗೆ ಕೈ ನಿಯಂತ್ರಣ ಕೂರಿಸುತ್ತಾರೆ. ಹಳೆಯ ಕಾರುಗಳ ಮೆರವಣಿಗೆ ನಡೆಸುವ ಶ್ರೀಮಂತರಿಗೆ ಇವರ ಹೆಸರು ಗೊತ್ತಿಲ್ಲ. ಕೋಲು ಹಿಡಿದು ನಡೆಯುವವರಿಗೆ ಗೊತ್ತು.

ಕಷ್ಟಗಳು ಇಲ್ಲವೆಂದಲ್ಲ. ನೆಲದ ಮೇಲೆ ಅಂಗಾತ ಮಲಗಿ ಮಲಗಿ ಸೊಂಟ ಹಿಡಿದುಕೊಂಡಿದೆ. ಹೊಸ ಕಾರುಗಳ ಗೇರಿಗೆ ಕೇಬಲ್ಲೇ ಇರುವುದಿಲ್ಲ, ಎಲ್ಲವೂ ವೈರಿನಲ್ಲಿ. "ಅದಕ್ಕೆ ಲ್ಯಾಪ್‌ಟಾಪ್ ಹಿಡ್ಕೊಂಡು ಕೂರಬೇಕು. ನಾನು ಮಲಗಿ ಕೆಲಸ ಮಾಡೋನು," ಎಂದು ನಗುತ್ತಾರೆ.

ಎಂಟು ಗಂಟೆಗೆ ಹೇಮಶ್ರೀ ಆಟೊದಲ್ಲಿ ಬಂದಿಳಿಯುತ್ತಾರೆ. ಇಂದೇ ಕಾರು ಒಯ್ಯುವ ದಿನ. ಅಕ್ಕಯ್ಯಮ್ಮ ಒಳಗಿನಿಂದ ಕಾಫಿ ತರುತ್ತಾರೆ. ಹೇಮಶ್ರೀ ಎಡಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟು ಸೀಟಿನಲ್ಲಿ ಕೂರುತ್ತಾರೆ, ಲಿವರನ್ನು ಹಿಂದೆ ಮುಂದೆ ಆಡಿಸಿ, ಮತ್ತೆ ಪಾರ್ಕಿಗೆ ತಂದು, ಹಗುರವಾಗಿದೆ ಎಂದು ಮೆಚ್ಚುತ್ತಾರೆ. ಸ್ಟ್ಯಾಂಡ್ ತೆಗೆಯುವ ಮೊದಲು ಭೈರೇಶ್ ಅಭ್ಯಾಸಬಲದಿಂದ ಇನ್ನೊಮ್ಮೆ ಕೆಳಗೆ ಜಾರಿ ಶಾಫ್ಟಿಗೆ ಕೈ ಹಾಕುತ್ತಾರೆ.

ಶಾಫ್ಟ್ ಕಟಕಟ ಎನ್ನುತ್ತ ತಿರುಗುತ್ತದೆ.

ಕೆಳಗೆ ಮಲಗಿದ್ದಂತೆಯೇ ಅವರಿಗೆ ಕಾರಣ ಹೊಳೆಯುತ್ತದೆ. ಅಗಲವಾದ ಗೇರ್‌ಬಾಕ್ಸ್ ಕೂರಿಸಲು ಈ ಕಾರಿನ ನಡುಭಾಗವನ್ನು ಕತ್ತರಿಸಿದ್ದರಿಂದ ನೆಲದ ತಗಡು ಬಲ ಕಳೆದುಕೊಂಡಿದೆ. ಯಾರಾದರೂ ಕೂತರೆ ತುಸು ಬಾಗುತ್ತದೆ, ಅದರ ಮೇಲಿರುವ ಲಿವರ್ ವಾಲಿ ಕೇಬಲ್ಲನ್ನು ಜಗ್ಗುತ್ತದೆ. ಇದು ಅವರಿಗೆ ತಿಳಿಯದ ಸಂಗತಿಯಲ್ಲ. ಅದಕ್ಕೆಂದೇ ಪ್ರತಿ ಸಲವೂ ಯಾರನ್ನಾದರೂ ಸೀಟಿನಲ್ಲಿ ಕೂರಿಸಿಯೇ ಪರೀಕ್ಷಿಸುವುದು, ಆ ಯಾರಾದರೂ ಯಾವಾಗಲೂ ಅಮ್ಮನೇ ಆಗಿರುವುದು. ಮೊದಲ ಕಾರಿನಿಂದಲೂ ಅಕ್ಕಯ್ಯಮ್ಮನ ಭಾರ ಅವರ ಅಳತೆ. ಆ ಅಳತೆ ಯಾವಾಗ ಇಷ್ಟು ಹಗುರವಾಯಿತೆಂದು ಅವರು ಗಮನಿಸಿರಲಿಲ್ಲ. ಕಾರಿನ ಕೆಳಗಿನಿಂದ ಅವರಿಗೀಗ ಕಾಫಿ ಲೋಟ ಹಿಡಿದು ನಿಂತ ಅಮ್ಮನ ಕಣಕಾಲುಗಳು ಕಾಣುತ್ತವೆ. ಚರ್ಮ ಸಡಿಲವಾಗಿ ನೇತಾಡುತ್ತಿದೆ.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, "ಮೇಡಂ, ಇವತ್ತು ಗಾಡಿ ಕೊಡಲ್ಲ," ಎನ್ನುತ್ತಾರೆ.

ಹೇಮಶ್ರೀ ಅವರ ಮುಖ ಇಳಿದುಹೋಗುತ್ತದೆ. ಸಂಜೆ ಗಿರಾಕಿಗೆ ಉತ್ತರ ಹೇಳಬೇಕು ಎಂದು ಗಿರಿರಾಜ್ ಕಾಯುತ್ತಿದ್ದಾರೆ. ಒಂದು ಸುತ್ತು ಕೇಬಲ್ ಬಿಗಿ ಮಾಡಿದರೆ ಆಗದೇ ಎಂದು ಕೇಳುತ್ತಾರೆ.

"ಆಗತ್ತೆ. ಇವತ್ತು ನಿಲ್ಲತ್ತೆ ಕೂಡ. ನಾಳೆ ಪಕ್ಕದ ಸೀಟಲ್ಲಿ ಇನ್ನೊಬ್ರು ಕೂತಾಗ ನಿಲ್ಲತ್ತೋ ಇಲ್ವೋ ನಂಗೊತ್ತಿಲ್ಲ. ಗೊತ್ತಿಲ್ದೇ ಇರೋದನ್ನ ನಿಮ್ ಮನೆ ಇಳಿಜಾರಿಗೆ ಕಳಿಸಕ್ಕಾಗಲ್ಲ."

ಹೇಮಶ್ರೀ ಸ್ಟೀರಿಂಗಿನಿಂದ ಕೈ ತೆಗೆಯುತ್ತಾರೆ. "ಹೋದ ಸಲದವ್ರು ಹಿಂಗಂದಿದ್ರೆ ನಮ್ ಬಾಗಿಲು ನೆಟ್ಟಗಿರ್ತಿತ್ತು," ಎಂದು ಕಾಲೆತ್ತಿ ಹೊರಗಿಡುತ್ತಾರೆ. ಗಿರಿರಾಜರಿಗೆ ನಾನೇ ಹೇಳುತ್ತೇನೆ, ಬರುವ ಶನಿವಾರದವರೆಗೆ ತಡೆಯುತ್ತೇನೆ ಎಂದು ಹೊರಡುತ್ತಾರೆ.

ಮರುದಿನವೇ ಭೈರೇಶ್ ಕೂರಿಸಿದ್ದನ್ನೆಲ್ಲ ಬಿಚ್ಚುತ್ತಾರೆ. ನೆಲದ ತಗಡಿಗೆ ಪಟ್ಟಿ ಬೆಸೆದು ಗಟ್ಟಿ ಮಾಡುವುದು ಸುಲಭದ ದಾರಿ. ಅವರು ಅದನ್ನು ಬಿಟ್ಟು, ಗೇರ್‌ಬಾಕ್ಸಿನ ಮೈಯಿಂದಲೇ ಹೊರಡುವ ಉಕ್ಕಿನ ಚೌಕಟ್ಟೊಂದನ್ನು ಮಾಡಿ, ಲಿವರನ್ನು ಅದರ ಮೇಲೆ ಕೂರಿಸುತ್ತಾರೆ. ಲಿವರೂ ಗೇರ್‌ಬಾಕ್ಸೂ ಈಗ ಒಂದೇ ಹಲಗೆಯ ಮೇಲೆ ಕೂತಂತೆ. ನೆಲ ಎಷ್ಟು ಬಾಗಿದರೂ ಇವೆರಡರ ನಡುವಿನ ದೂರ ಬದಲಾಗುವುದಿಲ್ಲ. ಚೌಕಟ್ಟಿನ ಭಾಗಗಳನ್ನು ಕಡೆದುಕೊಟ್ಟವರು ಗೋವಿಂದರಾಜನಗರದಲ್ಲಿ ಲೇತ್ ಇಟ್ಟುಕೊಂಡಿರುವ ಗೆಳೆಯ ಆನಂದ್. ಆಸಾಮಿ ಭಾರಿ ದಪ್ಪ. ಪರೀಕ್ಷೆಗೆ ಸೀಟಿನಲ್ಲಿ ಕೂರುವ ಕೆಲಸವೂ ಈಗ ಅವರದೇ. "ನಮ್ಮನೆಯವ್ಳು ತಿನ್ಬೇಡ ತಿನ್ಬೇಡ ಅಂತಾಳೆ ಗುರು. ನೋಡು, ಮೈ ಉಪಯೋಗಕ್ಕೆ ಬಂತು," ಎಂದು ಕೂತಲ್ಲಿಂದಲೇ ಹೇಳುತ್ತಾರೆ.

ಅದೇ ವಾರ ಒಂದು ಮಧ್ಯಾಹ್ನ ಭೈರೇಶ್ ಶೆಡ್ಡಿನ ಬಾಗಿಲೆಳೆದು ಅಮ್ಮನನ್ನು ಹೊಸಹಳ್ಳಿಯ ಡಾಕ್ಟರ ಬಳಿ ಕರೆದೊಯ್ಯುತ್ತಾರೆ. ಸಕ್ಕರೆ ಕಾಯಿಲೆ ಎಂದು ಗೊತ್ತಾಗುತ್ತದೆ, ಮಾತ್ರೆ ಶುರುವಾಗುತ್ತದೆ. "ದಿನಾ ಎದುರಿಗೇ ಇರ್ತಾಳೆ. ಅದಕ್ಕೇ ಕಾಣ್ಲಿಲ್ಲ," ಎಂದಷ್ಟೇ ಹೇಳುತ್ತಾರೆ ಭೈರೇಶ್.

ಶನಿವಾರ ಬೆಳಿಗ್ಗೆ ಬಸವೇಶ್ವರನಗರದ ಆ ಇಳಿಜಾರಿನ ನಡುವೆ ಕೆಂಪು ಕಾರು ಮೂತಿ ಮೇಲೆ ಮಾಡಿ ನಿಂತಿದೆ, ಸ್ಟೀರಿಂಗಿನ ಮುಂದೆ ಹೇಮಶ್ರೀ. ಹಿಂದಿನ ಎರಡು ಚಕ್ರಗಳ ಕೆಳಬದಿಗೆ ಗೇಣು ಜಾಗ ಬಿಟ್ಟು ಮರದ ದಿಮ್ಮಿಗಳಿವೆ. ಭೈರೇಶ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಚಕ್ರವನ್ನೇ ನೋಡುತ್ತಿದ್ದಾರೆ. ಗಿರಿರಾಜ್ ಮೇಲೆ ರಸ್ತೆಯ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದಾರೆ.

"ಪಿ ಹಾಕಿ. ಹ್ಯಾಂಡ್ ಬ್ರೇಕ್ ಬಿಡಿ. ಈಗ ಕಾಲು ತೆಗೀರಿ ಮೇಡಂ."

ಕಾರು ತುಸು ಹಿಂದಕ್ಕೆ ಜಾರುತ್ತದೆ. ಗಿರಿರಾಜ್ ಒಂದು ಹೆಜ್ಜೆ ಮುಂದಿಡುತ್ತಾರೆ. ಟಕ್ ಎಂದು ಕಾರು ನಿಲ್ಲುತ್ತದೆ. ದಿಮ್ಮಿ ಇನ್ನೂ ದೂರವೇ ಇದೆ.

"ಅಷ್ಟು ಬರ್ಬೇಕು. ಹಲ್ಲು ತೋಡಿಗೆ ಬಿದ್ದಿದ್ದು ಅದು," ಎನ್ನುತ್ತಾರೆ ಭೈರೇಶ್, ಚಕ್ರದಿಂದ ಕಣ್ಣು ತೆಗೆಯದೆ.

ಗಿರಿರಾಜ್ ಇಳಿದು ಬಂದು, ಬಾಗಿಲು ತೆರೆದು, ಪಕ್ಕದ ಸೀಟಿನಲ್ಲಿ ಕೂರುತ್ತಾರೆ. "ಇನ್ನೊಂದ್ಸಲ ಮಾಡು," ಎನ್ನುತ್ತಾರೆ ಹೆಂಡತಿಗೆ. ಹೇಮಶ್ರೀ ಬ್ರೇಕ್ ಒತ್ತಿ ಲಿವರನ್ನು ಹಿಂದಕ್ಕೆಳೆದು ಮತ್ತೆ ಪಾರ್ಕಿಗೆ ತರುತ್ತಾರೆ, ಕಾಲು ತೆಗೆಯುತ್ತಾರೆ. ಕಾರು ಇಬ್ಬರನ್ನೂ ಹೊತ್ತು ನಿಲ್ಲುತ್ತದೆ. ಗಿರಿರಾಜ್ ಜೇಬಿನಿಂದ ಫೋನ್ ತೆಗೆದು, ಕಾರು ಮಾರುವುದಿಲ್ಲ ಎಂದು ಗಿರಾಕಿಗೆ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಇಳಿಯುವ ಸೂಚನೆ ಕಾಣುವುದಿಲ್ಲ. ಸೀಟಿನ ಬೆಲ್ಟು ಹುಡುಕುತ್ತಿದ್ದಾರೆ.

ಎಂಜಿನ್ ಗುಡುಗುತ್ತದೆ. ಕಾರು ಇಳಿಜಾರು ಹತ್ತಿ, ಕ್ಷಣ ತಡೆದು, ಎಡಕ್ಕೆ ತಿರುಗಿ ಮರಗಳ ಸಾಲಿನ ಕೆಳಗೆ ಹೊರಟುಹೋಗುತ್ತದೆ. ಭೈರೇಶ್ ದಿಮ್ಮಿಗಳನ್ನು ಕಂಕುಳಿಗೇರಿಸಿಕೊಂಡು ರಸ್ತೆಗೆ ಬಂದು ನಿಲ್ಲುತ್ತಾರೆ. ಏನು ನೋಡುತ್ತಿದ್ದೀರಿ ಎಂದು ಕೇಳಿದರೆ ಸ್ವಲ್ಪ ಸಂಕೋಚದಿಂದ ನಗುತ್ತಾರೆ.

"ಗೇರ್ ಹಾಕುವಾಗ ಮೇಡಂ ಲಿವರ್ ಕಡೆ ನೋಡ್ಲೇ ಇಲ್ಲ. ರಸ್ತೆ ನೋಡ್ತಾ ಇದ್ರು."