ಎರಡು ಡಿಸ್ಕುಗಳ ಅದಲುಬದಲು

ಚೆನ್ನೈನ ರಾಯಪುರಂ ಬಂದರಿನಲ್ಲಿ ಕ್ರೇನುಗಳ ವೈರಿಂಗ್ ನೋಡಿಕೊಂಡು ನಿವೃತ್ತನಾದ ಮೇಲೆ ಶೋಳಿಂಗನಲ್ಲೂರಿನ ಒಂದು ಕಂಪನಿಯ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತು. ಓದಿದ್ದು ಹೈಸ್ಕೂಲು. ಇಂಜಿನಿಯರುಗಳು ಹೇಳಿದಂತೆ ರ‍್ಯಾಕಿಗೆ ಡಿಸ್ಕು ಸಿಕ್ಕಿಸುವುದು, ಕೀಳುವುದು, ಅಷ್ಟೇ.

ಅಲ್ಲಿ ಕನ್ನಡ ಮಾತಾಡುವ ನಮ್ಮ ಕಡೆಯ ಹುಡುಗಿಯೊಬ್ಬಳು ಡ್ರೈವರ್ ಕೋಡ್ ಬರೆಯುತ್ತಿದ್ದಳು. ಕಂಪ್ಯೂಟರಿಗೂ ಡಿಸ್ಕುಗಳಿಗೂ ನಡುವೆ ಕಂಟ್ರೋಲರ್ ಎಂಬ ಕಾರ್ಡು ಇರುತ್ತದೆ. ಅದು ಕೆಲಸ ನಿಲ್ಲಿಸಿದರೆ ರೀಸೆಟ್ ಮಾಡಬೇಕು. ಆಗ ಒಂದೆರಡು ನಿಮಿಷ ಡಿಸ್ಕುಗಳೆಲ್ಲ ಕಂಪ್ಯೂಟರಿಗೆ ಕಾಣುವುದಿಲ್ಲ. ಅವು ಹೋಗಿಯೇ ಬಿಟ್ಟವೆಂದುಕೊಳ್ಳದೆ, ಬರೆಯಬೇಕಾದ್ದನ್ನು ತಡೆದಿಟ್ಟುಕೊಂಡು, ಕಾರ್ಡು ಎದ್ದ ಮೇಲೆ ಯಾವುದರದ್ದು ಯಾವುದಕ್ಕೋ ಅದಕ್ಕೇ ತಲುಪಿಸುವುದು ಅವಳ ಕೋಡಿನ ಹೊಣೆ.

ಒಂದು ಮಧ್ಯಾಹ್ನ ಅವಳು ತನ್ನ ಸೀಟಿನಿಂದ ರೀಸೆಟ್ ಪರೀಕ್ಷೆ ಶುರುಮಾಡಿದಳು. ರ‍್ಯಾಕಿನ ದೀಪಗಳು ಆರಿದವು. ಅಕ್ಕಪಕ್ಕದ ಎರಡು ಡಿಸ್ಕುಗಳ ಮೇಲಿನ ನಂಬರು ಹಿಂದುಮುಂದಾಗಿದ್ದದ್ದು ನನಗೆ ದಿನವೂ ಕಿರಿಕಿರಿ. ಬಂದರಿನಲ್ಲಿ ದೀಪ ಆರಿದರೆ ಕೈ ಹಾಕಬಹುದೆಂದು ಅರ್ಥ. ಎರಡನ್ನೂ ಎಳೆದು ಜಾಗ ಬದಲಿಸಿದೆ. ದೀಪ ಬಂದದ್ದೇ ಒಂದರದ್ದು ಇನ್ನೊಂದರ ಮೇಲೆ ಬರೆದುಹೋಯಿತು.

ಅವಳು ಓಡಿಬಂದಳು. "ಮಾಮಾ, ಯಾರಾದ್ರೂ ರ‍್ಯಾಕ್ ಮುಟ್ಟಿದ್ರಾ?"

"ಇಲ್ಲಮ್ಮಾ" ಎಂದೆ. ಕೆಲಸ ಹೋದೀತೆಂಬ ಭಯ. ಅವಳು ಲ್ಯಾಪ್‌ಟಾಪ್ ತರಲು ಹೋದಾಗ ಡಿಸ್ಕುಗಳನ್ನು ಮತ್ತೆ ಮೊದಲಿನಂತೆ ಇಟ್ಟುಬಿಟ್ಟೆ. ಸುಳ್ಳಿಗಿಂತ ಅದೇ ಹೆಚ್ಚಿನ ಪಾಪವೆಂದು ಈಗ ಅನ್ನಿಸುತ್ತದೆ.

ಆಮೇಲೆ ಅವಳು ಎಷ್ಟು ಸಲ ಪರೀಕ್ಷೆ ಹಾಕಿದರೂ ಆ ತಪ್ಪು ಬರಲಿಲ್ಲ. "ಎನ್ನಮ್ಮಾ, ಕನವು ಕಂಡಿಯಾ?" ಎಂದು ಮ್ಯಾನೇಜರ್ ಎಲ್ಲರೆದುರು ನಕ್ಕರು. ಕನಸಲ್ಲ, ಕೋಡಿನಲ್ಲಿ ಎಲ್ಲೋ ತೂತಿದೆ ಎಂದು ಅವಳು ಹಟ ಹಿಡಿದಳು. ಶುಕ್ರವಾರ ಮ್ಯಾನೇಜರ್ ಖಡಾಖಂಡಿತ ಹೇಳಿದರು: ಇವತ್ತು ತೋರಿಸದಿದ್ದರೆ ಸೋಮವಾರ ಈ ಕೋಡ್ ಗಿರಾಕಿಗಳಿಗೆ ಹೋಗುತ್ತದೆ.

ಅಲ್ಲಿಯೂ ನನ್ನಂಥವನೊಬ್ಬ ಇರದೆ ಇರುತ್ತಾನೆಯೇ? ಯಾರ ಆಸ್ಪತ್ರೆಯ, ಯಾರ ಬ್ಯಾಂಕಿನ ಡಿಸ್ಕುಗಳೋ. ಕ್ಯಾಂಟೀನಿನಲ್ಲಿ ಅವಳೆದುರು ಹೋಗಿ ಕೂತೆ.

"ಅವತ್ತು ಮುಟ್ಟಿದ್ದು ನಾನೇ ಅಮ್ಮಾ. ಎರಡನ್ನ ಅದಲುಬದಲು ಮಾಡಿ, ಆಮೇಲೆ ವಾಪಸ್ ಇಟ್ಟೆ."

ಮೊಸರನ್ನದ ಚಮಚ ಕೆಳಗಿಟ್ಟಳು. "ಎನ್ನ ಮಾಮಾ ಇದು, ಏನಿದು! ಎಲ್ರೂ ನನ್ನ ಲೂಸು ಅಂದ್ರು. ನೀವು ನೋಡ್ತಾನೇ ಇದ್ರಿ, ಅಲ್ವಾ?"

"ನೋಡ್ತಾನೇ ಇದ್ದೆ."

"ಏಳಿ. ಇನ್ನೊಂದ್ಸಲ ಮಾಡಿ."

ಮ್ಯಾನೇಜರನ್ನೂ ಕರೆತಂದಳು. ಅವರೆದುರು ಎಲ್ಲ ಒಪ್ಪಿಕೊಂಡೆ. ದೀಪ ಆರಿತು, ಡಿಸ್ಕು ಬದಲಿಸಿದೆ, ದೀಪ ಬಂತು. "ಬಂತು! ವಂದಿರುಚ್ಚು!" ಎಂದು ಅವಳು ಮೇಜು ಗುದ್ದಿದಳು. ತಪ್ಪು ಬಂದದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಕಂಡಿರಲಿಲ್ಲ. ಅವಳ ಕೋಡ್ ಡಿಸ್ಕನ್ನು ಕೂತ ಜಾಗದಿಂದ ಗುರುತಿಸುತ್ತಿತ್ತು. ಪ್ರತಿ ಡಿಸ್ಕಿನ ಒಳಗಿರುವ ಸ್ವಂತ ನಂಬರನ್ನು ಕೇಳುತ್ತಿರಲಿಲ್ಲ. ಸಂಜೆಯೊಳಗೆ ತಿದ್ದಿದಳು. ಮತ್ತೆ ಬದಲಿಸಿದೆ. ಈ ಸಲ ಯಾವುದೂ ಕಲಸಿಹೋಗಲಿಲ್ಲ. "ಸಾರಿ ಮಾ" ಎಂದರು ಮ್ಯಾನೇಜರ್. ನನ್ನ ಕೆಲಸಕ್ಕೆ ಕೈ ಹಾಕಲಿಲ್ಲ.

ಕ್ಯಾಬಿಗೆ ಕಾಯುವಾಗ ಅವಳೇ ಮಾತು ತೆಗೆದಳು. "ಕೋಪ ಹೋಗಿಲ್ಲ ಮಾಮಾ. ನಾಳೆನೂ ಇರತ್ತೆ."

"ಇರ್ಲಿ."

"ಆದ್ರೆ ನನ್ನ ಟೆಸ್ಟ್ ನಡೀವಾಗ ಹೀಗೇ ಹೇಳ್ದೆ ಕೇಳ್ದೆ ಮುಟ್ಟಿ. ಇಂಥ ತೂತು ಹಾಗೇ ಸಿಗೋದು. ಮುಟ್ಟಿದ್ಮೇಲೆ ಹೇಳ್ಬಿಡಿ, ಅಷ್ಟೇ."

ತಪ್ಪಾಯಿತು ಎಂಬ ಮಾತನ್ನು ನಾನು ಅಷ್ಟು ಹೊತ್ತೂ ಆಡಿರಲಿಲ್ಲ. ಆಗ ಆಡಿದೆ. ಅವಳು ತಲೆಯಾಡಿಸಿ ಕ್ಯಾಬ್ ಹತ್ತಿದಳು.